ಗುಡಾರ ಕಿತ್ತವರಿಗೆ ಕಬ್ಬಾಳಿನಿಂದ ಒಂದು ಬಹಿರಂಗ ಪತ್ರ

‘ದಿ ಗ್ರಾಂಡ್ ಟೂರ್’ ಕಾರ್ಯಕ್ರಮದ ನಿರ್ಮಾಪಕರಿಗೂ ಅದನ್ನು ಪ್ರಸಾರ ಮಾಡುವ ಪ್ರೈಮ್ ವಿಡಿಯೋದ ಭಾರತದ ಕಚೇರಿಯವರಿಗೂ,



ಹೊಸ ನಿರೂಪಕರೊಂದಿಗೆ ‘ಗ್ರಾಂಡ್ ಟೂರ್’ ಮತ್ತೆ ಶುರುವಾಗಲಿದೆ ಎಂಬ ಸುದ್ದಿ ಕನಕಪುರ ತಾಲ್ಲೂಕಿನ ನಮ್ಮ ಕಬ್ಬಾಳಿಗೂ ಬಂದು ಮುಟ್ಟಿದೆ. ಸಂತೋಷ. ಆದರೆ ಒಂದು ಅಹವಾಲನ್ನು ಈಗಲೇ ಹೇಳಿಬಿಡಬೇಕು, ಚಿತ್ರೀಕರಣ ಮುಗಿದ ಮೇಲೆ ಹೇಳಿ ಫಲವಿಲ್ಲ. 2019ರ ಏಪ್ರಿಲ್‌ನಲ್ಲಿ ನೀವು ಕಿತ್ತ ಸ್ಟುಡಿಯೊ ಗುಡಾರವನ್ನು ಮತ್ತೆ ಹಾಕಿ. ವಾರವಾರ ಜನರ ಮುಂದೆ ಕೂತು ಕಾರಿನ ವಿಚಾರ ಮಾತಾಡುವ, ಓಡಿಸಿ ನೋಡಿ ಇದು ಪರವಾಗಿಲ್ಲ, ಇದು ಬೇಡ ಎಂದು ಮುಲಾಜಿಲ್ಲದೆ ಹೇಳುವ ಆ ಭಾಗವನ್ನು ನಮಗೆ ವಾಪಸು ಕೊಡಿ.

ನಾನಿಲ್ಲಿ ಒಂದು ಸಣ್ಣ ಗ್ಯಾರೇಜು ಇಟ್ಟುಕೊಂಡಿದ್ದೇನೆ. ಬೆಂಗಳೂರು ಸೀಮೆಯ ರಸ್ತೆಗಳಲ್ಲಿ ಓಡಾಡಿದವರೆಲ್ಲ ನಮ್ಮೂರನ್ನು ನೋಡದಿದ್ದರೂ ಅದರ ಹೆಸರನ್ನು ಓದಿಯೇ ಇರುತ್ತಾರೆ. ಆಟೊಗಳ ಬೆನ್ನ ಮೇಲೆ, ಲಾರಿಗಳ ನೆತ್ತಿಯ ಮೇಲೆ, ಟೆಂಪೊಗಳ ಮುಂದಿನ ಗಾಜಿನ ಮೇಲೆ ‘ಶ್ರೀ ಕಬ್ಬಾಳಮ್ಮ ಪ್ರಸನ್ನ’ ಎಂದು ಬರೆಸಿರುತ್ತಾರಲ್ಲ, ಆ ಅಮ್ಮನ ಊರು ಇದು. ಕಬ್ಬಾಳದುರ್ಗದ ಬಂಡೆಯ ಬುಡದಲ್ಲಿದೆ. ಹೊಸ ಗಾಡಿ ತೆಗೆದವರು ಗುಡಿಗೆ ತಂದು, ಚಕ್ರದಡಿ ನಿಂಬೆಹಣ್ಣಿಟ್ಟು, ಪೂಜೆ ಮಾಡಿಸಿಕೊಂಡು ಹೋಗುತ್ತಾರೆ. ಗಾಡಿ ಎಂದರೆ ಇಲ್ಲಿ ಶೋಕಿಯಲ್ಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ರೇಷ್ಮೆಗೂಡು, ಹೆರಿಗೆಗೆ ಹೊರಟ ಮಗಳು ಎಲ್ಲರೂ ಅದರ ಮೇಲೆಯೇ ಹೋಗಬೇಕು. ಸಾಲ ಮಾಡಿ ತೆಗೆದದ್ದು, ಕಂತು ಮುಗಿಯುವ ತನಕ ಕೈಕೊಡಬಾರದು. ಹಾಗಾಗಿ ಒಂದು ಗಾಡಿ ಒಳ್ಳೆಯದೋ ಅಲ್ಲವೋ ಎಂಬ ಮಾತು ನಮ್ಮಲ್ಲಿ ಮನೆಮಂದಿಯೆಲ್ಲ ಕೂತು ಆಡುವ ಮಾತು.

ಅಂಥ ಊರಿನಲ್ಲಿ ಇಂಗ್ಲೆಂಡಿನ ಜೆರೆಮಿ ಕ್ಲಾರ್ಕ್ಸನ್, ರಿಚರ್ಡ್ ಹ್ಯಾಮಂಡ್, ಜೇಮ್ಸ್ ಮೇ ಎಂಬ ಮೂವರು ಗಂಡಸರ ಕಾರ್ಯಕ್ರಮ ಯಾಕೆ ಹಿಡಿಸಿತು ಎಂದು ನೀವು ಕೇಳಬಹುದು. ಹಿಡಿಸಿದ್ದು ಹೈಲಕ್ಸ್‌ನಿಂದ.

2003ರಲ್ಲಿ, ಈ ಮೂವರು ಮೊದಲು ನಡೆಸುತ್ತಿದ್ದ ಬಿಬಿಸಿಯ ‘ಟಾಪ್ ಗೇರ್’ನಲ್ಲಿ ಕ್ಲಾರ್ಕ್ಸನ್ 1988ರ ಮಾದರಿಯ ಒಂದು ಹಳೇ ಟೊಯೊಟಾ ಹೈಲಕ್ಸ್ ಪಿಕಪ್ ತಂದರು. ಅದು ಆಗಲೇ ಮೂರು ಲಕ್ಷ ಕಿಲೋಮೀಟರ್ ಓಡಿ ಸವೆದದ್ದು. ಅದನ್ನು ಮೆಟ್ಟಿಲ ಮೇಲಿಂದ ಇಳಿಸಿದರು, ಮರಕ್ಕೆ ಗುದ್ದಿಸಿದರು, ಸಮುದ್ರದ ಉಬ್ಬರದಲ್ಲಿ ಮುಳುಗಿಸಿದರು. ಮೇಲಿಂದ ಕ್ಯಾರವಾನ್ ಬೀಳಿಸಿದರು, ಕಟ್ಟಡ ಕೆಡವುವ ಕಬ್ಬಿಣದ ಗುಂಡಿನಿಂದ ಹೊಡೆಸಿದರು, ಬೆಂಕಿ ಹಚ್ಚಿದರು. ಕೊನೆಗೆ 240 ಅಡಿ ಎತ್ತರದ ಕಟ್ಟಡದ ತುದಿಯಲ್ಲಿ ನಿಲ್ಲಿಸಿ, ಕಟ್ಟಡವನ್ನೇ ಸಿಡಿಸಿ ಉರುಳಿಸಿದರು. ಪ್ರತಿಸಲವೂ ಮೆಕ್ಯಾನಿಕ್ ಒಬ್ಬರು ಬಂದು ಅದನ್ನು ಮತ್ತೆ ಸ್ಟಾರ್ಟ್ ಮಾಡುತ್ತಿದ್ದರು. ಹೊಸ ಸ್ಪೇರ್ ಪಾರ್ಟ್ ಹಾಕುವಂತಿಲ್ಲ, ಸಾಮಾನ್ಯ ಸ್ಪ್ಯಾನರು ಸುತ್ತಿಗೆಯಲ್ಲೇ ಮುಗಿಸಬೇಕು ಎಂಬುದು ಕಟ್ಟಳೆ. ಅವಶೇಷದ ಅಡಿಯಿಂದ ಎಳೆದು ತೆಗೆದ ಮೇಲೂ ಆ ಡೀಸೆಲ್ ಇಂಜಿನ್ ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಯಿತು. ನನ್ನ ಗ್ಯಾರೇಜಿನಲ್ಲಿ ಷಟರ್ ಅರ್ಧ ಎಳೆದು, ಫೋನನ್ನು ಒಂದು ಹಳೇ ಬ್ಯಾಟರಿಗೆ ಒರಗಿಸಿಟ್ಟು ಅದನ್ನು ತೋರಿಸಿದಾಗ ಕೂತವರೆಲ್ಲ ಎದ್ದು ನಿಂತರು. ಅದೇ ಹೈಲಕ್ಸ್‌ನ ಈಗಿನ ಮಾದರಿ 2022ರಿಂದ ನಮ್ಮ ಜಿಲ್ಲೆಯ ಬಿಡದಿಯ ಕಾರ್ಖಾನೆಯಲ್ಲೇ ಜೋಡಣೆಯಾಗುತ್ತದೆ. ಹುಡುಗರಿಗೆ ಅದೊಂದು ಹೆಮ್ಮೆ.

ಆ ಸಾಹಸ ಅಷ್ಟು ನಾಟಲು ಕಾರಣ ಅದು ಸ್ಟುಡಿಯೊದಲ್ಲಿ ಬಂದು ಮುಗಿದದ್ದು. ಸುಟ್ಟು, ಜಜ್ಜಿ, ಬಾಗಿದ ಆ ಪಿಕಪ್ಪನ್ನು ಜನರ ನಡುವೆ ತಂದು ನಿಲ್ಲಿಸಿದರು. ಜನ ಸುತ್ತ ನಿಂತು ನೋಡಿದರು. ಹೊರಗೆ ನಡೆದದ್ದರ ಲೆಕ್ಕವನ್ನು ಒಳಗೆ ಬಂದು ಒಪ್ಪಿಸುವುದು ಆ ಕಾರ್ಯಕ್ರಮದ ಪದ್ಧತಿಯಾಗಿತ್ತು. 2002ರ ಅಕ್ಟೋಬರ್‌ನಲ್ಲಿ ಡನ್ಸ್‌ಫೋಲ್ಡ್ ವಿಮಾನ ಪಟ್ಟಿಯ ಶೆಡ್ಡಿನಲ್ಲಿ ಹೊಸ ರೂಪದ ‘ಟಾಪ್ ಗೇರ್’ ಶುರುವಾದಾಗಿನಿಂದ ಹಾಗೆಯೇ ನಡೆದಿತ್ತು. ಹೆಲ್ಮೆಟ್ ತೆಗೆಯದ ‘ಸ್ಟಿಗ್’ ಎಲ್ಲ ಕಾರುಗಳನ್ನೂ ಒಂದೇ ಟ್ರ್ಯಾಕಿನಲ್ಲಿ ಓಡಿಸಿ ಸಮಯ ತೆಗೆಯುತ್ತಿದ್ದ. ಕೋಟಿ ರೂಪಾಯಿಯ ಕಾರಿಗೂ ಅದೇ ತಿರುವು, ಅದೇ ಗಡಿಯಾರ. ಸಿನಿಮಾ ನಟರನ್ನು ಕರೆದು ಅಗ್ಗದ ಕಾರು ಕೊಟ್ಟು ಓಡಿಸುತ್ತಿದ್ದರು. ಮೊದಲು ಸುಜುಕಿ ಲಿಯಾನಾ, ಆಮೇಲೆ ಷೆವ್ರೊಲೆ ಲಸೆಟ್ಟಿ. ಲಸೆಟ್ಟಿ ಎಂದರೆ ನಮ್ಮಲ್ಲಿ ಆಪ್ಟ್ರಾ ಹೆಸರಿನಲ್ಲಿ ಓಡಿದ ಕಾರು. ನಾನು ಕ್ಲಚ್ ಇಳಿಸಿದ ಗಾಡಿಯಲ್ಲೇ ಹಾಲಿವುಡ್ ನಟರೊಬ್ಬರು ತಿರುವಿನಲ್ಲಿ ತಿಣುಕುವುದನ್ನು ನೋಡುವಾಗ ಬೇರೆಯದೇ ಸಲಿಗೆ ಬರುತ್ತದೆ.

ಕಣ್ಣುಮುಚ್ಚಿ ಮೆಚ್ಚಿಕೊಂಡವರು ನಾವಲ್ಲ. 2011ರ ಡಿಸೆಂಬರ್‌ನಲ್ಲಿ ಬಂದ ಭಾರತದ ವಿಶೇಷ ಕಂತಿನಲ್ಲಿ ಜಾಗ್ವಾರ್ ಕಾರಿನ ಹಿಂದೆ ಶೌಚದ ಕಮೋಡು ಕಟ್ಟಿಕೊಂಡು ನಮ್ಮ ಊರುಗಳಲ್ಲಿ ಓಡಾಡಿದರು. ಲಂಡನ್ನಿನ ಭಾರತೀಯ ಹೈಕಮಿಷನ್ ಬಿಬಿಸಿಗೆ ದೂರು ಕೊಟ್ಟಿತು. ಕೊಟ್ಟದ್ದು ಸರಿ. ಬಡವರ ಕಷ್ಟವನ್ನು ಆಡಿಕೊಂಡು ನಗುವುದು ನನಗೆ ಇವತ್ತಿಗೂ ಹಿಡಿಸುವುದಿಲ್ಲ. ಬೆಂಗಳೂರಿನ ರೇವಾ ಕಾರಿನದು ಇನ್ನೊಂದು ಕತೆ. ಚೇತನ್ ಮೈನಿಯವರ ಕಂಪನಿ 2001ರಲ್ಲಿ ರಸ್ತೆಗಿಳಿಸಿದ ಆ ಪುಟ್ಟ ಎಲೆಕ್ಟ್ರಿಕ್ ಕಾರು ಲಂಡನ್ನಿನಲ್ಲಿ ‘ಜಿ-ವಿಝ್’ ಎಂಬ ಹೆಸರಿನಲ್ಲಿ ಓಡಾಡಿತು. ‘ಟಾಪ್ ಗೇರ್’ನವರು ಅದನ್ನು ಬೈದದ್ದಕ್ಕೆ ಲೆಕ್ಕವಿಲ್ಲ. 2007ರಲ್ಲಿ ಅವರ ಪತ್ರಿಕೆಯವರು ಅದನ್ನು ಗಂಟೆಗೆ 40 ಮೈಲಿ ವೇಗದಲ್ಲಿ ಗುದ್ದಿಸಿ, ಒಳಗೆ ಕೂತವರ ಗತಿ ಏನಾಗುತ್ತದೆ ಎಂದು ತೋರಿಸಿದರು. ಯುರೋಪಿನ ಕಾನೂನಿನ ಪ್ರಕಾರ ಅದು ಕಾರಿನ ವರ್ಗಕ್ಕೇ ಸೇರುತ್ತಿರಲಿಲ್ಲ, ಆದ್ದರಿಂದ ಕಾರಿಗೆ ಇರುವ ಅಪಘಾತ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. ಇಂದು ಬೀದಿಬೀದಿಯಲ್ಲಿ ಎಲೆಕ್ಟ್ರಿಕ್ ಗಾಡಿ ನೋಡುವಾಗ, ಬಹಳ ಮೊದಲೇ ಅದಕ್ಕೆ ಕೈಹಾಕಿದ ಕನ್ನಡನಾಡಿನ ಕಂಪನಿಗೆ ಇನ್ನಷ್ಟು ಮರ್ಯಾದೆ ಸಲ್ಲಬೇಕಿತ್ತು ಅನ್ನಿಸುತ್ತದೆ. ಆದರೂ ಗುದ್ದಿಸಿ ನೋಡಿದ್ದು ತಪ್ಪಲ್ಲ. ಒಳಗೆ ಕೂರುವ ಮನುಷ್ಯ ಉಳಿಯುತ್ತಾನೋ ಇಲ್ಲವೋ ಎಂದು ಯಾರಾದರೂ ನೋಡಿ ಹೇಳಲೇಬೇಕು. ಅದೇ ಬಳಗದವರು 2013ರಲ್ಲಿ ಪ್ರಪಂಚದ ಟ್ಯಾಕ್ಸಿಗಳನ್ನೆಲ್ಲ ಸೇರಿಸಿ ಸ್ಪರ್ಧೆ ಇಟ್ಟು, ನಮ್ಮ ಅಂಬಾಸಿಡರ್ ಕಾರಿಗೆ ಮೊದಲ ಸ್ಥಾನ ಕೊಟ್ಟರು. ಅದರ ಮರುವರ್ಷವೇ ಅಂಬಾಸಿಡರ್ ತಯಾರಿಕೆ ನಿಂತಿತು. ಬೈಯುವುದಕ್ಕೂ ಹೊಗಳುವುದಕ್ಕೂ ಅವರು ಗಾಡಿಯನ್ನು ಓಡಿಸಿ ನೋಡುತ್ತಿದ್ದರು ಎಂಬ ನಂಬಿಕೆ ಇತ್ತು, ಆ ನಂಬಿಕೆಯ ಮೇಲೆ ನಾವು ವರ್ಷಗಟ್ಟಲೆ ನೋಡಿದೆವು.

2015ರ ಮಾರ್ಚ್‌ನಲ್ಲಿ ಎಲ್ಲ ಹಾಳಾಯಿತು. ಕ್ಲಾರ್ಕ್ಸನ್ ತಮ್ಮದೇ ಕಾರ್ಯಕ್ರಮದ ನಿರ್ಮಾಪಕರೊಬ್ಬರ ಮೇಲೆ ಕೈಮಾಡಿದರು. ಬಿಬಿಸಿ ಅವರ ಒಪ್ಪಂದವನ್ನು ಮುಂದುವರಿಸಲಿಲ್ಲ. ಅವರನ್ನು ವಾಪಸು ತನ್ನಿ ಎಂದು ಹತ್ತು ಲಕ್ಷ ಜನ ಸಹಿ ಹಾಕಿದರು. ಆ ಅರ್ಜಿಯನ್ನು ಯುದ್ಧದ ಟ್ಯಾಂಕಿನಲ್ಲಿ ತಂದು ಬಿಬಿಸಿ ಬಾಗಿಲಿಗೆ ಕೊಟ್ಟರು. ಅಭಿಮಾನ ಎಷ್ಟೇ ಇರಲಿ, ಜೊತೆಯಲ್ಲಿ ದುಡಿಯುವವನ ಮೇಲೆ ಕೈಯೆತ್ತಿದವರನ್ನು ಹಾಗೇ ಬಿಡಿ ಎಂದು ನಾನಾಗಿದ್ದರೆ ಸಹಿ ಹಾಕುತ್ತಿರಲಿಲ್ಲ. ನನ್ನ ಗ್ಯಾರೇಜಿನ ಹುಡುಗನಿಗೆ ಯಾರಾದರೂ ಹೊಡೆದರೆ ನಾನು ಸುಮ್ಮನಿರುವೆನೆ?

ಆಮೇಲೆ ನಡೆದದ್ದನ್ನು ನೀವು ಗಮನವಿಟ್ಟು ನೋಡಬೇಕು, ನನ್ನ ದೂರು ಇರುವುದೇ ಅಲ್ಲಿ. ಬಿಬಿಸಿಯವರು ರೂಪ ಹಾಗೇ ಇಟ್ಟುಕೊಂಡು ಆಳುಗಳನ್ನು ಬದಲಾಯಿಸಿದರು. 2016ರ ಮೇ ತಿಂಗಳಲ್ಲಿ ಕ್ರಿಸ್ ಇವಾನ್ಸ್ ಬಂದರು. ಆರೇ ಕಂತು, ಜುಲೈಗೆ ಅವರು ಬಿಟ್ಟು ಹೋದರು. ಆದರೂ ಶೆಡ್ಡು ಇತ್ತು, ಟ್ರ್ಯಾಕ್ ಇತ್ತು, ಸ್ಟಿಗ್ ಇದ್ದ. ಆ ಕಟ್ಟು ಗಟ್ಟಿಯಾಗಿದ್ದರಿಂದ ಮುಂದೆ ಬಂದ ಹೊಸಬರು ಅದರೊಳಗೆ ನಿಧಾನವಾಗಿ ಹೊಂದಿಕೊಂಡರು, ಜನ ಮತ್ತೆ ನೋಡತೊಡಗಿದರು. 2022ರ ಡಿಸೆಂಬರ್‌ನಲ್ಲಿ ಚಿತ್ರೀಕರಣದ ವೇಳೆ ಆ ಹೊಸಬರಲ್ಲೊಬ್ಬರಾದ ಕ್ರಿಕೆಟಿಗ ಆಂಡ್ರ್ಯೂ ಫ್ಲಿಂಟಾಫ್ ಅವರಿಗೆ ಭೀಕರ ಅಪಘಾತವಾಯಿತು. ನಮ್ಮ ಕ್ರಿಕೆಟ್ ಅಭಿಮಾನಿಗಳೂ ಮರುಗಿದರು. ಮರುವರ್ಷ ಬಿಬಿಸಿ ಕಾರ್ಯಕ್ರಮವನ್ನು ನಿಲ್ಲಿಸಿತು.

ನೀವು ಮಾಡಿದ್ದು ಇದರ ತಿರುಗುಮುರುಗು. ಹಳೆಯ ಮೂವರನ್ನು ಕರೆದುಕೊಂಡಿರಿ, ಕೆಲವು ವರ್ಷ ನಡೆಸಿ, ರೂಪವನ್ನು ಮುರಿದಿರಿ. 2016ರ ನವೆಂಬರ್ 18ಕ್ಕೆ ಮೊದಲ ಕಂತು ಬಂದಾಗ ನಿಮ್ಮ ಗುಡಾರ ದೇಶದೇಶ ಸುತ್ತುತ್ತಿತ್ತು. ಕ್ಯಾಲಿಫೋರ್ನಿಯಾದ ಮರುಭೂಮಿ, ಜೋಹಾನ್ಸ್‌ಬರ್ಗ್, ಲ್ಯಾಪ್‌ಲ್ಯಾಂಡ್, ದುಬೈ. ಎರಡನೇ ವರ್ಷದಿಂದ ಅದು ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಒಂದೇ ಕಡೆ ನೆಲೆ ನಿಂತಿತು. ನಮಗೆ ಅದೇ ಒಗ್ಗಿತು. ಆಗ ನೀವು ಅಭಿಮಾನಿಗಳ ಮಾತಿಗೆ ಕಿವಿಗೊಡುತ್ತಿದ್ದಿರಿ. ಅತಿಥಿಯಾಗಿ ಬರುವ ನಟರು ಬಾಗಿಲಿಗೆ ಬರುವ ಮೊದಲೇ ಸತ್ತಂತೆ ತೋರಿಸುವ ನಾಟಕ ಯಾರಿಗೂ ರುಚಿಸಲಿಲ್ಲ, ತೆಗೆದಿರಿ. ಸದಾ ಗೊಣಗುವ ಅಮೆರಿಕದ ಚಾಲಕ ಬೇಡ ಎಂದರು, ಬದಲಿಸಿದಿರಿ. ಹೀಗೆ ಕೇಳುವ ಕಿವಿ ಇದ್ದವರು 2019ರಲ್ಲಿ ಮಾತ್ರ ಯಾಕೆ ಕೇಳಲಿಲ್ಲ?

ಏಪ್ರಿಲ್ 12ರ ಆ ಕಂತು ಫೋರ್ಡ್ ಕಾರುಗಳಿಗೆ ಹೇಳಿದ ವಿದಾಯ. ಅದರ ಕೊನೆಯಲ್ಲಿ ಕ್ಲಾರ್ಕ್ಸನ್ ಗುಡಾರದಲ್ಲಿ ನಿಂತು, ಇನ್ನು ಮುಂದೆ ಇದು ಇರುವುದಿಲ್ಲ, ದೊಡ್ಡ ಪ್ರಯಾಣಗಳು ಮಾತ್ರ ಎಂದರು. ಹೇಳುತ್ತ ಅವರ ಗಂಟಲು ಕಟ್ಟಿತು, ಕಣ್ಣೀರು ಬಂತು. ಆ ಮನುಷ್ಯನನ್ನು ಹಾಗೆ ಯಾರೂ ನೋಡಿರಲಿಲ್ಲ. ವಯಸ್ಸಾಯಿತು, ವಾರವಾರ ಇದು ಆಗುವುದಿಲ್ಲ ಎಂಬುದು ಅವರ ಕಡೆಯ ಕಷ್ಟ. ರಿಚರ್ಡ್ ಹ್ಯಾಮಂಡ್ 2017ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ರಿಮಾಕ್ ಕಾರು ಉರುಳಿಸಿಕೊಂಡು ಕಾಲು ಮುರಿದುಕೊಂಡದ್ದನ್ನೂ ನಾವು ಮರೆತಿಲ್ಲ. ಅವರು ಸಾಕು ಎಂದರೆ ಸಾಕೇ. ಆದರೆ ಗುಡಾರ ಅವರ ಸ್ವಂತದ್ದಲ್ಲ. ಅವರಿಗೆ ಆಗದಿದ್ದರೆ ಅದನ್ನು ಇನ್ನೊಬ್ಬರಿಗೆ ಒಪ್ಪಿಸಬಹುದಿತ್ತು.

ಲೆಕ್ಕ ನೋಡಿ. ಗುಡಾರವಿದ್ದ ಮೂರು ಸರಣಿಗಳಲ್ಲಿ 38 ಕಂತು ಬಂದವು. ಅದು ಹೋದ ಮೇಲೆ 2019ರ ಡಿಸೆಂಬರ್‌ನಿಂದ 2024ರ ಸೆಪ್ಟೆಂಬರ್‌ವರೆಗೆ, ಹತ್ತಿರ ಹತ್ತಿರ ಐದು ವರ್ಷದಲ್ಲಿ, ಎಂಟು. ವರ್ಷಕ್ಕೊಂದು ಜಾತ್ರೆ ಯಾರಿಗೆ ಬೇಡ? ಆದರೆ ಜಾತ್ರೆ ಜೋರಾಗಿ ನಡೆಸುತ್ತೇವೆ ಎಂದು ವಾರದ ಸಂತೆ ಎತ್ತಿಬಿಟ್ಟರೆ ಊರಿನವರು ಉಪ್ಪು ಮೆಣಸಿಗೆ ಎಲ್ಲಿಗೆ ಹೋಗಬೇಕು?

ಈ ವಿಚಾರದಲ್ಲಿ ನಮ್ಮಲ್ಲೇ ಎರಡು ಪಕ್ಷ ಇದೆ, ಮುಚ್ಚಿಡುವುದಿಲ್ಲ. ಚಿಕ್ಕ ವಯಸ್ಸಿನವರಿಗೆ ಪ್ರಯಾಣವೇ ಇಷ್ಟ. ಗುಡಾರದ ಮಾತು ಬಂದರೆ ಓಡಿಸಿಬಿಡುತ್ತಾರೆ. ಅವರ ವಾದದಲ್ಲಿ ಹುರುಳಿದೆ. ಮಂಗೋಲಿಯಾದ ಕಂತು ನನಗೂ ಪ್ರಾಣ. ಬಯಲಿನ ನಡುವೆ ಮೂವರನ್ನೂ ಬಿಟ್ಟು, ಒಂದು ವಾಹನವನ್ನು ಬಿಡಿಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿ ಕಳಿಸಿ, ಜೋಡಿಸಿಕೊಂಡು ಮನೆಗೆ ಬನ್ನಿ ಎಂದಿರಿ. ನಟ್ಟು ಎಲ್ಲಿಯದು, ಬೋಲ್ಟು ಎಲ್ಲಿಯದು ಎಂದು ಅವರು ಕಿತ್ತಾಡುವುದನ್ನು ಸ್ಪ್ಯಾನರ್ ಹಿಡಿದ ಯಾವನೂ ಮರೆಯಲಾರ. ಆದರೆ ಆ ಕಂತು ಬಂದದ್ದು ಗುಡಾರವಿದ್ದ ಕಾಲದಲ್ಲಿ. ಅಲ್ಲಿಗೆ ಎರಡೂ ಒಟ್ಟಿಗೆ ನಡೆಯುತ್ತವೆ ಎಂದು ನೀವೇ ಸಾಬೀತು ಮಾಡಿದ್ದೀರಿ.

ಹೊಸ ರೂಪದ ಮೊದಲ ಚಿತ್ರ ವಿಯೆಟ್ನಾಂ, ಕಾಂಬೋಡಿಯಾದ ಮೆಕಾಂಗ್ ನದಿಯದು. ಮೂವರಿಗೂ ದೋಣಿ. ನಮ್ಮ ಗ್ಯಾರೇಜಿನಲ್ಲಿ ಟಾಟಾ ಏಸ್ ಓಡಿಸುವವನೊಬ್ಬ ಅರ್ಧ ತನಕ ತಾಳ್ಮೆಯಿಂದ ನೋಡಿ, ‘ಅಣ್ಣೋ, ಇದ್ರಲ್ಲಿ ಕಾರೇ ಇಲ್ವಲ್ಲಣ್ಣೋ!’ ಎಂದು ಎದ್ದು ಹೋದ. ಆಮೇಲೆ ಮಡಗಾಸ್ಕರ್. ಬೆಂಟ್ಲಿ, ಫೋರ್ಡ್ ಫೋಕಸ್, ಕೇಟರ್‌ಹ್ಯಾಮ್ ಕಾರುಗಳನ್ನು ಕೆಸರಿನ ರಸ್ತೆಗಿಳಿಸಿ ಒದ್ದಾಡಿದರು. ದೃಶ್ಯ ಭರ್ಜರಿ. ಕ್ಯಾಮೆರಾದವರಿಗೆ ಕೈಮುಗಿಯಬೇಕು. ಆದರೆ ಆ ಕಾರುಗಳು ಹೇಗೆ, ಅವುಗಳ ಗುಣವೇನು ದೋಷವೇನು ಎಂಬ ಮಾತು ನಗೆಯಾಟದ ನಡುವೆ ಎಲ್ಲೋ ಕಳೆದುಹೋಯಿತು. ಕೊನೆಯದಾದ ಜಿಂಬಾಬ್ವೆ ಪ್ರಯಾಣ ನೋಡಿ ನಮ್ಮ ಕಣ್ಣೂ ತುಂಬಿತು. ಮೂವರು ಬೇರೆಯಾಗುತ್ತಿದ್ದಾರೆಂಬ ದುಃಖ ಅದು. ಆ ದುಃಖಕ್ಕೆ ಬಂಡವಾಳ ಹಾಕಿದ್ದು ಹಿಂದಿನ ಹಲವು ವರ್ಷಗಳ ವಾರದ ಮಾತುಕತೆ. ಅವರು ಒಬ್ಬರನ್ನೊಬ್ಬರು ಕಾಲೆಳೆಯುವ ಬಗೆ, ಜೇಮ್ಸ್ ಮೇ ಅವರ ನಿಧಾನ, ಹ್ಯಾಮಂಡ್ ಅವರ ಹುಮ್ಮಸ್ಸು ಇವೆಲ್ಲ ನಮಗೆ ಪರಿಚಯವಾದದ್ದು ಶೆಡ್ಡಿನಲ್ಲಿ, ಗುಡಾರದಲ್ಲಿ.

ಈಗ ಹೊಸಬರು ಬರುತ್ತಿದ್ದಾರೆ. ಆಳು ಬದಲಾದಾಗ ಕಟ್ಟು ಉಳಿದರೆ ಜನ ಕಾಯುತ್ತಾರೆ, ಬಿಬಿಸಿಯಲ್ಲಿ ಅದನ್ನು ನೋಡಿದೆವು. ಕಟ್ಟು ಮುರಿದಾಗ ಹಳೇ ಆಳುಗಳಿದ್ದರೆ ಆ ಋಣಕ್ಕಾದರೂ ಜನ ನೋಡುತ್ತಾರೆ, ನಿಮ್ಮಲ್ಲಿ ಅದನ್ನೂ ನೋಡಿದೆವು. ಎರಡೂ ಹೊಸದಾದರೆ ಹಳೇ ಹೆಸರನ್ನು ಮಾತ್ರ ಹಿಡಿದುಕೊಂಡು ನಾವು ಏನು ಮಾಡುವುದು? ಹೊಸ ನಿರೂಪಕರ ಮೇಲೆ ನಮಗೆ ಯಾವ ಮುನಿಸೂ ಇಲ್ಲ. ಅವರು ಯಾರು, ಗಾಡಿಯ ವಿಚಾರದಲ್ಲಿ ಯಾವುದಕ್ಕೆ ಸಿಟ್ಟಾಗುತ್ತಾರೆ, ಯಾವುದಕ್ಕೆ ಮನಸೋಲುತ್ತಾರೆ ಎಂದು ತಿಳಿಯಬೇಕಾದರೆ ಅವರನ್ನು ಮೊದಲು ವಾರವಾರ ನಮ್ಮೆದುರು ಕೂರಿಸಿ. ಆಮೇಲೆ ಮರುಭೂಮಿಗೆ ಕಳಿಸಿ, ನಾವೂ ಹಿಂದೆ ಬರುತ್ತೇವೆ.

ಭಾಷೆಯ ವಿಚಾರವನ್ನೂ ಇಲ್ಲೇ ಹೇಳಬೇಕು. ಇಂಗ್ಲಿಷಿನ ಆ ವೇಗದ ಮಾತು ಗ್ಯಾರೇಜಿನಲ್ಲಿ ಕೂತ ಎಲ್ಲರಿಗೂ ಹತ್ತುವುದಿಲ್ಲ. ಗೊತ್ತಿದ್ದವರು ನಡುನಡುವೆ ನಿಲ್ಲಿಸಿ ಹೇಳಬೇಕು, ಅಷ್ಟರಲ್ಲಿ ನಗೆ ಆರಿಹೋಗಿರುತ್ತದೆ. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ಅಘೋಷಿತ ತಡೆ ದಶಕಗಟ್ಟಲೆ ಇತ್ತು. 2012ರಲ್ಲಿ ಆಮೀರ್ ಖಾನ್ ಅವರ ‘ಸತ್ಯಮೇವ ಜಯತೇ’ ಬೇರೆ ಭಾಷೆಗಳಲ್ಲಿ ಬಂದರೂ ಅದೇ ಕಾರಣಕ್ಕೆ ಕನ್ನಡದ ಟೀವಿಗೆ ಬರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ತೀರ್ಪು ಕೊಟ್ಟಿತು. 2020ರಲ್ಲಿ ‘ಮಹಾಭಾರತ’ ಧಾರಾವಾಹಿ ಕನ್ನಡದಲ್ಲಿ ಮಾತಾಡಿದಾಗ ನಮ್ಮ ಮನೆಯ ಹೆಂಗಸರು ಮಕ್ಕಳು ಹೇಗೆ ಟೀವಿ ಮುಂದೆ ಕೂತಿದ್ದರು ಎಂಬುದನ್ನು ಕಂಡಿದ್ದೇನೆ. ಈಗ ಅಡ್ಡಿ ಇಲ್ಲ. ಹೊಸ ಸರಣಿಗೆ ಕನ್ನಡದ ದನಿ ಕೊಡಿಸಿ. ಪುಸ್ತಕದ ಕನ್ನಡ ಬೇಡ. ಟೈಮಿಂಗ್ ಹೋಗಿದೆ, ಇಂಜಿನ್ ಬೋರಿಗೆ ಬಂದಿದೆ, ಪಿಕಪ್ ಇಲ್ಲ, ಎಳೆಯುತ್ತಿಲ್ಲ ಎಂದು ನಾವು ಹೇಗೆ ಆಡುತ್ತೇವೋ ಹಾಗೆ ಆಡಬಲ್ಲವರನ್ನು ಹುಡುಕಿ ಕೂರಿಸಿ. ಹುಡುಕಲು ಹೆಚ್ಚು ದೂರ ಹೋಗಬೇಕಿಲ್ಲ, ಕನಕಪುರದಿಂದ ಮಾಗಡಿವರೆಗಿನ ಯಾವ ಗ್ಯಾರೇಜಿಗೆ ಬೇಕಾದರೂ ಬನ್ನಿ.

ಕೊನೆಯ ಕೋರಿಕೆ, ಇದನ್ನು ಸವಾಲು ಎಂದರೂ ಸರಿ. ಹೊಸ ಸರಣಿಯ ಒಂದು ಕಂತಿಗೆ ಬಿಡದಿಯಿಂದ ಒಂದು ಹೈಲಕ್ಸ್ ತೆಗೆದುಕೊಂಡು ಕಬ್ಬಾಳಿಗೆ ಬನ್ನಿ. ಬೊಲೆರೊ ಪಿಕಪ್ಪನ್ನೂ ಟಾಟಾ ಏಸನ್ನೂ ನಾವು ತರುತ್ತೇವೆ. ಮೂರಕ್ಕೂ ಸಮಸಮ ರೇಷ್ಮೆಗೂಡು ತುಂಬೋಣ. ಗೂಡನ್ನು ಚೀಲದಲ್ಲಿ ಒತ್ತಿ ತುಂಬುವಂತಿಲ್ಲ, ಗಾಳಿಯಾಡಬೇಕು, ಬಿಸಿಲಿಗೆ ಬೇಯಬಾರದು. ಆದ್ದರಿಂದ ನಸುಕಿನಲ್ಲೇ ಬಿಡಬೇಕು. ನಮ್ಮ ಕಡೆ ಕಾಡಾನೆಗಳ ಓಡಾಟವಿದೆ, ಕತ್ತಲಲ್ಲಿ ಹುಷಾರಾಗಿ ಓಡಿಸುವ ಆಳು ಬೇಕು. ಸಾತನೂರಿನ ಕಡೆಯ ಹೊಂಡಗಳು, ಚನ್ನಪಟ್ಟಣದ ಟ್ರಾಫಿಕ್ಕು ಎಲ್ಲ ದಾಟಿ ಹರಾಜಿನ ಹೊತ್ತಿಗೆ ರಾಮನಗರದ ಗೂಡಿನ ಮಾರುಕಟ್ಟೆ ಮುಟ್ಟಬೇಕು. ಯಾವ ಗಾಡಿಯ ಗೂಡು ಜಜ್ಜದೆ ಬಂದಿದೆ, ಎಷ್ಟು ಡೀಸೆಲ್ ಕುಡಿದಿದೆ, ಕಿಲೋಗೆ ಎಷ್ಟು ರೇಟು ಸಿಕ್ಕಿದೆ ಎಂದು ನೋಡೋಣ. ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳಿಗಿಂತ ಕಟುವಾದ ತೀರ್ಪುಗಾರರು ನಿಮಗೆ ಪ್ರಪಂಚದಲ್ಲೆಲ್ಲೂ ಸಿಗುವುದಿಲ್ಲ. ಫಲಿತಾಂಶವನ್ನು ಮಾತ್ರ ಗುಡಾರದಲ್ಲಿ, ಗೂಡು ಬೆಳೆದವರನ್ನೂ ಗಾಡಿ ಓಡಿಸಿದವರನ್ನೂ ಮುಂದೆ ಕೂರಿಸಿಕೊಂಡು ಹೇಳಬೇಕು.

ಇತಿ,
ಕಬ್ಬಾಳಿನ ಒಬ್ಬ ಗ್ಯಾರೇಜಿನವನು, ನಿಮ್ಮ ಹಳೆಯ ಪ್ರೇಕ್ಷಕ